ಗುತ್ತಿಗೆ ಹೋಗುವ ದಾರಿ

ನಾನು ಗೃಹಿಣಿ. ಗೃಹಿಣಿಗೆ ನಿವೃತ್ತಿ ಇಲ್ಲ ಎನ್ನುತ್ತಾರೆ. ಆದರೂ ನಾನು ನಿವೃತ್ತಳಾಗಿದ್ದೇನೆ. ಅಡುಗೆಮನೆಯಿಂದ ಅಲ್ಲ, ಅಲ್ಲಿ ಈಗಲೂ ಮೂರು ಹೊತ್ತು ಡ್ಯೂಟಿ ಉಂಟು. ನಾನು ನಿವೃತ್ತಳಾದದ್ದು ಮದುವೆಯ ಬಯೋಡಾಟಾ ಬರೆಯುವ ಕೆಲಸದಿಂದ. ಇಪ್ಪತ್ತನಾಲ್ಕು ವರ್ಷ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಗಂಡುಹೆಣ್ಣುಗಳನ್ನು ಇಂಗ್ಲಿಷಿನಲ್ಲಿ ಒಂದೊಂದು ಹಾಳೆಗೆ ಇಳಿಸಿದೆ. ಬೀಳ್ಕೊಡುಗೆ ಸಮಾರಂಭ ಆಗಲಿಲ್ಲ. ನಮ್ಮ ಯಜಮಾನರು ಲ್ಯಾನ್ಸಿ, "ಹಾಗಾದರೆ ಇನ್ನು ಊಟದ ಮೇಜಿನ ಮೇಲೆ ಊಟ ಮಾಡಬಹುದಾ?" ಎಂದು ಕೇಳಿದರು. ಅಷ್ಟೇ.

ಸರಸಕ್ಕನ ಅಂಗಡಿಗೆ ಈಗ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರಂತೆ. ಇಬ್ಬರಿಗೂ ಲ್ಯಾಪ್‌ಟಾಪ್ ಉಂಟಂತೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೇಗೆ ಬರೆಯಬೇಕು ಎಂಬುದು ಅವರಿಗೆ ಗೊತ್ತಿರಬಹುದು. ಹೇಗೆ ಬರೆಯಬಾರದು ಎಂಬುದರಲ್ಲಿ ನನ್ನಷ್ಟು ಅನುಭವ ಇರಲಿಕ್ಕಿಲ್ಲ.

ಸರಸಕ್ಕ ನನ್ನ ಮೇಲಧಿಕಾರಿ. ಉಡುಪಿಯ ಕಡಿಯಾಳಿಯಲ್ಲಿ ಅವರದ್ದು ಲೇಡೀಸ್ ಟೈಲರಿಂಗ್ ಅಂಗಡಿ. ಪರದೆಯ ಈಚೆ ಹೊಲಿಗೆ, ಆಚೆ ಸಂಬಂಧ ಕೂಡಿಸುವುದು. ಕುತ್ತಿಗೆಗೆ ಯಾವಾಗಲೂ ಅಳತೆಯ ಟೇಪು. ಯಾರೇ ಬಂದರೂ ಮೊದಲು ಭುಜ ನೋಡುವರು, ಆಮೇಲೆ ಮುಖ. ನಾನು ರವಿಕೆ ಕೊಡಲು ಹೋದ ಒಂದು ದಿನ ಒಂದು ಹಾಳೆ ನನ್ನ ಕೈಗಿಟ್ಟರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು ಕರೆಯುವುದು. "ಬಾಯಿ, ನೀವು ಕಾನ್ವೆಂಟ್ ಅಲ್ವಾ? ಇದರಲ್ಲಿ ಎಂತ ತಪ್ಪುಂಟು ನೋಡಿ. ಎರಡು ಕಡೆಯವರು ಓದಿ ನಕ್ಕರು, ಹುಡುಗಿ ನೋಡಲಿಕ್ಕೆ ಬರಲಿಲ್ಲ."

ನೋಡಿದೆ. ಹುಡುಗಿ ಅಡುಗೆಯಲ್ಲಿ ಜಾಣೆ ಎಂದು ಬರೆಯಲು ಹೋಗಿ, ಹುಡುಗಿ ಚೆನ್ನಾಗಿ ಬೆಂದಿದ್ದಾಳೆ ಎಂಬ ಅರ್ಥ ಬರುವ ಇಂಗ್ಲಿಷ್ ಬರೆದಿದ್ದರು. ಅಲ್ಲೇ ಗುಂಡಿ ಡಬ್ಬದ ಮೇಲೆ ಹಾಳೆ ಇಟ್ಟು ತಿದ್ದಿದೆ. ಆ ಹುಡುಗಿಗೆ ಮುಂದಿನ ತಿಂಗಳು ನಿಶ್ಚಯ ಆಯಿತು, ನನಗೆ ಕೆಲಸ ಆಯಿತು. ಸಂಬಳ ಎಂದರೆ ಸೀರೆಗೆ ಫಾಲ್ಸ್ ಉಚಿತ. ಇಪ್ಪತ್ತನಾಲ್ಕು ವರ್ಷವೂ ಅದೇ.

ತರಬೇತಿ ಎಲ್ಲಿ ಆಯಿತು ಎಂದು ಕೇಳಿದರೆ ಕಾನ್ವೆಂಟಿನಲ್ಲೇ. ನಮಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಾಠಕ್ಕಿತ್ತು. ಹೆಸರು ಬೇಡ. ಓದಿದವರಿಗೆ ಗೊತ್ತಾಗ್ತದೆ. ಓದದವರು ನಿಮ್ಮ ಸೋದರತ್ತೆಯ ಜೊತೆ ಒಂದು ಮಧ್ಯಾಹ್ನ ಕೂತರೆ ಸಾಕು, ಕಥೆ ಅದೇ. ಅದರಲ್ಲಿ ಒಬ್ಬ ಗಂಡು ಕೋಣೆಯೊಳಗೆ ಬಂದು ಟೋಪಿ ತೆಗೆಯುವುದರೊಳಗೆ ಅವನ ವರ್ಷದ ಆದಾಯ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗಿರುತ್ತದೆ. ಹೆಸರು ಆಮೇಲೆ ಕೇಳುವುದು. ಪಾಠ ಮಾಡುತ್ತಿದ್ದ ಸಿಸ್ಟರ್ ಹೇಳುತ್ತಿದ್ದರು, "ಹುಡುಗಿಯರೇ, ಇದು ಪ್ರೀತಿಯ ಕಥೆ ಎಂದು ತಿಳಿಯಬೇಡಿ. ಇದು ಮನೆಗಳ ಕಥೆ. ಯಾರ ಮನೆ ಎಷ್ಟು ದೊಡ್ಡದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಪರೀಕ್ಷೆಗೆ ಬರ್ತದೆ." ಪರೀಕ್ಷೆಗೆ ಬಂತು. ಆಮೇಲೆ ಜೀವನದಲ್ಲೂ ಬಂತು.

ಆ ಪುಸ್ತಕದಿಂದ ನನಗೆ ಒಂದು ದೋಷ ಅಂಟಿಕೊಂಡಿತು. ಯಾರ ಬಗ್ಗೆ ಬರೆದರೂ ನನ್ನ ಇಂಗ್ಲಿಷಿನಲ್ಲಿ ಅವರಿಗೆ ಒಂದು ಬಂಗಲೆ, ಎರಡು ಕುದುರೆ ಬಂದುಬಿಡುವುದು. ಒಮ್ಮೆ ಗಲ್ಫಿನಲ್ಲಿದ್ದ ಹುಡುಗನ ತಾಯಿ ಬಂದಿದ್ದರು. "ಎಂತ ಕೆಲಸ?" ಕೇಳಿದೆ. "ಅವನು ಭಾರೀ ಮೇಲೆ ಉಂಟು ಬಾಯಿ. ಅವನಿಗಿಂತ ಮೇಲೆ ಅಲ್ಲಿ ಯಾರೂ ಇಲ್ಲ" ಎಂದರು. ಅತ್ಯುನ್ನತ ಸ್ಥಾನದಲ್ಲಿದ್ದಾರೆ ಎಂದು ಬರೆದೆ. ಹುಡುಗ ಕ್ರೇನ್ ಆಪರೇಟರ್. ನಲವತ್ತನೇ ಮಾಳಿಗೆಯ ಮೇಲೆ ಕೂತುಕೊಳ್ಳುವುದು. ಹುಡುಗಿಯ ಅಪ್ಪ ಸರಸಕ್ಕನ ಅಂಗಡಿಗೆ ಬಂದು, "ಎತ್ತರ ಎಂದದ್ದು ಸುಳ್ಳಲ್ಲ, ಆದರೆ ನಮಗೆ ತಲೆ ತಿರುಗಿತು" ಎಂದರು. ಪುಣ್ಯಕ್ಕೆ ಆ ಹುಡುಗ ಒಳ್ಳೆಯವನು. ಈಗ ಇಬ್ಬರು ಮಕ್ಕಳು.

ಸರಸಕ್ಕ ಅಂದು ಟೇಪನ್ನು ಕುತ್ತಿಗೆಯಿಂದ ತೆಗೆದು ನನ್ನ ಮುಂದೆ ಹಿಡಿದರು. "ಫ್ಲೇವಿ ಬಾಯಿ, ಬಟ್ಟೆಗೆ ಒಂದಿಂಚು ಮಡಿಕೆ ಬಿಡಬಹುದು. ನೀವು ಒಂದು ಗಜ ಬಿಡ್ತೀರಿ."

ವಿಧಾನಗಳು ಬದಲಾದವು. ಮೊದಲು ಕೈಯಲ್ಲಿ ಬರೆದು, ಅಡಿಗೆ ಕಾರ್ಬನ್ ಇಟ್ಟು ಮೂರು ಪ್ರತಿ. ಮೂರನೆಯ ಪ್ರತಿಯಲ್ಲಿ ಡಾಕ್ಟರೂ ಡ್ರೈವರೂ ಒಂದೇ ಥರ ಮಸುಕು. ಆಮೇಲೆ ಸೈಬರ್ ಅಂಗಡಿ, ಆಮೇಲೆ ವಾಟ್ಸಾಪ್. ಮೊದಲು ಒಬ್ಬರ ಸ್ಟೇಟಸ್ ನೋಡಬೇಕಾದರೆ ಬಸ್ಸು ಹಿಡಿದು ಅವರ ಮನೆಗೆ ಹೋಗಿ, ಕಿಟಕಿಗೆ ಪರದೆ ಉಂಟಾ, ಚಹಾದ ಕಪ್ಪಿಗೆ ಸಾಸರ್ ಉಂಟಾ ಎಂದು ನೋಡಬೇಕಿತ್ತು. ಈಗ ಸ್ಟೇಟಸ್ ಅವರೇ ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಸಲ ಹಾಕುತ್ತಾರೆ.

ಒಂದು ಮಾತ್ರ ಬದಲಾಗಿಲ್ಲ. ಹೊಸ ಹುಡುಗಿಯರೇ, ಇದನ್ನು ಬರೆದಿಟ್ಟುಕೊಳ್ಳಿ: ಹುಡುಗಿಗೆ ಒಪ್ಪಿಗೆ ಉಂಟಾ ಎಂದು ತಿಳಿಯಬೇಕಾದರೆ ಅವಳ ಮುಖ ನೋಡಬೇಡಿ, ಪ್ಲೇಟು ನೋಡಿ. ಮುಖಕ್ಕೆ ಮನೆಯವರು ಹೇಳಿಕೊಟ್ಟಿರುತ್ತಾರೆ. ಹೊಟ್ಟೆಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇದನ್ನು ನನಗೆ ಕಲಿಸಿದವಳು ಹರಿಣಾಕ್ಷಿ. ನನ್ನ ಕೊನೆಯ ಕೇಸು ಅವಳದ್ದೇ.

ಹರಿಣಾಕ್ಷಿ ಕಾರ್ಕಳದ ಹುಡುಗಿ, ಮಣಿಪಾಲದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ವಯಸ್ಸು ಮೂವತ್ತೆರಡು. ತಾಯಿ ಇಲ್ಲ, ತಂದೆ ಮಾತಿಲ್ಲದ ಮನುಷ್ಯ. ಓದಿಸಿದ್ದು ಬಜಗೋಳಿಯಲ್ಲಿರುವ ದೊಡ್ಡಮ್ಮ. ರಬ್ಬರ್ ತೋಟ, ಬಿಳಿ ಕಾರು, ಎರಡೂ ಕೈಗೆ ಬಳೆ. ಆದ್ದರಿಂದ ಗಂಡನ್ನು ಒಪ್ಪುವ ಹಕ್ಕು ದೊಡ್ಡಮ್ಮನದ್ದು. ಹರಿಣಾಕ್ಷಿಗೂ ಅದರಲ್ಲಿ ತಕರಾರಿಲ್ಲ. "ಅವರು ಇಲ್ಲದಿದ್ದರೆ ನಾನು ಎಸ್ಸೆಸ್ಸೆಲ್ಸಿಗೆ ನಿಲ್ತಿದ್ದೆ ಬಾಯಿ. ಅವರ ಮಾತು ಮೀರಿ ಮದುವೆ ಆಗುವುದಿಲ್ಲ" ಎಂದಿದ್ದಳು. ಹನ್ನೊಂದು ಗಂಡು ಬಂದು ನೋಡಿದರು. ಹನ್ನೊಂದು ಸಲವೂ ಅವಳ ಪ್ಲೇಟಿನ ತಿಂಡಿ ಹಾಗೇ ಇತ್ತು. ಹನ್ನೊಂದನೆಯವನು ಮೂರು ಪೆಟ್ರೋಲ್ ಬಂಕಿನ ಯಜಮಾನ. ಅವನು ಹುಡುಗಿಯನ್ನು ಬಿಟ್ಟು ಮನೆಯ ಫ್ಯಾನು ನೋಡಿ, "ಇದು ಎಷ್ಟಕ್ಕೆ ತಗೊಂಡದ್ದು?" ಎಂದು ಕೇಳಿದ. ದೊಡ್ಡಮ್ಮನಿಗೆ ಅವನು ಹಿಡಿಸಿದ್ದ.

ಆಗ ಕಾಪುವಿನಿಂದ ಗಿರಿಜಮ್ಮ ಎಂಬವರ ಫೋನ್ ಬಂತು. ಮಗ ಜಯಕರನಿಗೆ ಬಯೋಡಾಟಾ ಆಗಬೇಕಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಗಿರಿಜಮ್ಮನ ಮನೆಮಾತು ತುಳು, ನನ್ನದು ಕೊಂಕಣಿ. ನನಗೆ ತುಳು ಚೆನ್ನಾಗಿ ಬರುತ್ತದೆ. ಆದರೆ ಕಾನ್ವೆಂಟಿನ ಬಾಯಿ ಎಂದು ಎಲ್ಲರೂ ಮರ್ಯಾದೆಗೆ ನನ್ನ ಹತ್ತಿರ ಕನ್ನಡ ಮಾತನಾಡುವುದು, ಅದೂ ಆಕಾಶವಾಣಿಯ ಕನ್ನಡ. ಇನ್ನೊಂದು ಮಾತು, ಗುತ್ತು ಎಂದರೆ ನಮ್ಮ ಕಡೆ ಊರಿಗೇ ಹಿರಿಯರಾದ ಹಳೆಯ ಮನೆತನ. ಕೆತ್ತನೆಯ ಕಂಬ, ದೊಡ್ಡ ಚಾವಡಿ, ಊರಿನ ದೈವದ ಮುಂದೆ ಮೊದಲ ಮರ್ಯಾದೆ. ನನ್ನ ಇಂಗ್ಲಿಷ್ ಕಾದಂಬರಿಯ ಬಂಗಲೆಗೆ ಹತ್ತಿರದ್ದು ಇಲ್ಲಿ ಏನಾದರೂ ಇದ್ದರೆ ಅದು ಗುತ್ತಿನ ಮನೆಯೇ.

"ಮಗ ಎಂತ ಮಾಡುವುದು ಅಮ್ಮ?"

"ಗುತ್ತಿಗೆ, ಬಾಯಿ."

ಅವರ ಹಿಂದೆ ಗಡಗಡ ಎಂದು ಏನೋ ತಿರುಗುವ ಸದ್ದು. ದೊಡ್ಡ ಮನೆ, ಎಷ್ಟು ಜನಕ್ಕೆ ಹಿಟ್ಟು ರುಬ್ಬುತ್ತಾರೋ ಎಂದುಕೊಂಡೆ. "ಗುತ್ತಿಗೆ ಸೇರಿದವರಾ?"

"ಹೌದು. ಮೊದಲು ಅವನ ಅಪ್ಪ. ಈಗ ಎಲ್ಲ ಇವನೇ ನೋಡಿಕೊಳ್ಳುವುದು. ಕೈಕೆಳಗೆ ಹದಿನೆಂಟು ಜನ ಉಂಟು."

"ಮನೆ ದೊಡ್ಡದಾ?"

"ಯಾವ ಮನೆ ಬಾಯಿ? ಈಗ ಮೂರು ಉಂಟು. ಮಣಿಪಾಲದ್ದು ಮೂರು ಮಾಳಿಗೆ. ಕಾಪುವಿನದ್ದು ಸಾಧಾರಣ. ಹೂಡೆಯದ್ದು ಇನ್ನೂ ಲಿಂಟಲ್‌ವರೆಗೆ ಮಾತ್ರ."

ಲಿಂಟಲ್ ಎಂಬುದು ಹೂಡೆಯ ಹೊಳೆಬದಿಯ ಯಾವುದೋ ಊರು, ಇವರ ಜಾಗ ಅಲ್ಲಿಯವರೆಗೆ ಹಬ್ಬಿದೆ ಎಂದು ನಾನು ತಿಳಿದೆ. ಇಷ್ಟಿದ್ದೂ "ಮಾತ್ರ" ಎನ್ನುತ್ತಾರಲ್ಲ, ಎಂತಹ ವಿನಯ! ಕೂತು ಬರೆದೆ. ಪುರಾತನ ಗುತ್ತಿನ ಏಕೈಕ ಕುಡಿ, ಮೂರು ಮನೆಗಳ ಒಡೆಯ, ಹದಿನೆಂಟು ಮಂದಿಯ ಪರಿವಾರ, ಆಸ್ತಿ ಲಿಂಟಲ್‌ವರೆಗೆ. ಸರಸಕ್ಕ ಸೂಜಿಗೆ ನೂಲು ಪೋಣಿಸುತ್ತಾ ಕೇಳಿದರು, "ಇಷ್ಟು ದೊಡ್ಡ ಗುತ್ತು ಕಾಪುವಿನಲ್ಲಿ ಎಲ್ಲುಂಟು ಮಾರಾಯ್ರೆ?" "ಹೂಡೆವರೆಗೂ ಉಂಟು ಸರಸಕ್ಕ" ಎಂದೆ. ಅಷ್ಟರಲ್ಲಿ ನೂಲು ಸೂಜಿಯೊಳಗೆ ಹೋಯಿತು, ಅವರು ಮತ್ತೆ ಕೇಳಲಿಲ್ಲ.

ಹುಡುಗ ಹುಡುಗಿ ಮೊದಲು ನೋಡಿದ್ದು ಸರಸಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ. ದೊಡ್ಡಮ್ಮನಿಗೆ ಮಂಡಿನೋವು, ಬಂದಿರಲಿಲ್ಲ. ಜಯಕರ ಬಿಳಿ ಅಂಗಿ ಹಾಕಿ ಬಂದಿದ್ದ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡದ್ದನ್ನು ತೆಗೆಯಲು ಮರೆತಿದ್ದ. ಗುತ್ತಿನ ಯಜಮಾನರಿಗೆ ಲೆಕ್ಕಪತ್ರ ಜಾಸ್ತಿ ಎಂದು ನಾನು ಸಮಾಧಾನ ಮಾಡಿಕೊಂಡೆ.

"ನಿಮ್ಮ ಲ್ಯಾಬಿನಲ್ಲಿ ರಕ್ತ ನೋಡಿದರೆ ಮನುಷ್ಯ ಎಂಥವನು ಎಂದು ಗೊತ್ತಾಗ್ತದಾ?" ಎಂದು ಕೇಳಿದ.

"ಇಲ್ಲ. ಸಕ್ಕರೆ ಎಷ್ಟುಂಟು ಎಂದು ಮಾತ್ರ."

"ಮದುವೆಗೆ ಅಷ್ಟು ಸಾಕಲ್ವಾ?"

ಹರಿಣಾಕ್ಷಿ ನಕ್ಕಳು. ನಕ್ಕು, ಪ್ಲೇಟಿನಿಂದ ಗೋಳಿಬಜೆ ತೆಗೆದು ತಿಂದಳು. ಒಂದಲ್ಲ, ಮೂರು. ನಾಲ್ಕನೆಯದನ್ನು ಅವನ ಪ್ಲೇಟಿನಿಂದ ತೆಗೆದಳು. ನಾನು ಸರಸಕ್ಕನ ಮೊಣಕೈ ಹಿಂಡಿದೆ.

ದೊಡ್ಡಮ್ಮ ಬಜಗೋಳಿಯಿಂದ ತೀರ್ಪು ಕಳಿಸಿದರು. ಬಂಕಿಗಿಂತ ಗುತ್ತು ಮೇಲು. ಭಾನುವಾರ ತಾವೇ ಕಾಪುವಿಗೆ ಬಂದು ಗುತ್ತು ನೋಡುವರು. ಹಿಡಿಸಿದರೆ ಅಲ್ಲೇ ಮಾತು ಮುಗಿಸುವರು, ಇಲ್ಲದಿದ್ದರೆ ಅದೇ ಸಂಜೆ ಬಂಕಿನವರಿಗೆ ಫೋನ್.

ಗುರುವಾರ ನಾನು ಬಂಗುಡೆ ಮೀನು ತೊಳೆಯುತ್ತಿರುವಾಗ ಗಿರಿಜಮ್ಮನ ಫೋನ್.

"ಬಾಯಿ, ಅವರು ಗುತ್ತಿಗೆ ನೋಡಲಿಕ್ಕೆ ಬರ್ತಾರಂತಲ್ಲ. ಗುತ್ತಿಗೆಯಲ್ಲಿ ನೋಡಲಿಕ್ಕೆ ಎಂತ ಉಂಟು? ಮಿಕ್ಸರ್ ತೊಳೆದು ಅಂಗಳದಲ್ಲಿ ಇಡಬೇಕಾ?"

"ಮಿಕ್ಸರ್ ಎಂತಕ್ಕೆ ಅಮ್ಮ? ಅಡುಗೆಮನೆಯಲ್ಲೇ ಇರಲಿ."

"ಅಡುಗೆಮನೆಗೆ ಹಿಡಿಯುವುದಿಲ್ಲ ಬಾಯಿ. ಸಿಮೆಂಟು ಕಲಸುವ ಮಿಕ್ಸರ್!"

ಬಂಗುಡೆ ನನ್ನ ಕೈಯಿಂದ ಜಾರಿ ಸಿಂಕಿಗೆ ಬಿತ್ತು. ಗುತ್ತಿಗೆ. ಗುತ್ತಿಗೆ ಎಂದರೆ ಗುತ್ತಿನ ಮನೆಗೆ ಸೇರಿದವರು ಅಲ್ಲ, ಗುತ್ತಿಗೆದಾರರು. ಕಂಟ್ರಾಕ್ಟರ್. ಗಡಗಡ ಸದ್ದು ಸಿಮೆಂಟಿನದ್ದು. ಮೂರು ಮನೆ ಬೇರೆಯವರಿಗೆ ಕಟ್ಟಿಕೊಡುವ ಮನೆ. ಲ್ಯಾನ್ಸಿಯನ್ನು ಕರೆದು, "ಲಿಂಟಲ್ ಎಂದರೆ ಎಲ್ಲಿ ಬರ್ತದೆ?" ಎಂದು ಕೇಳಿದೆ. "ಕಿಟಕಿಯ ಮೇಲೆ" ಎಂದರು.

ಸರಸಕ್ಕನಲ್ಲಿಗೆ ಓಡಿದೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿ ಹೇಳಿದರು, "ಬಾಯಿ, ಹೆದರಬೇಡಿ. ಭಾನುವಾರ ಒಂದು ದಿನಕ್ಕೆ ಯಾವುದಾದರೂ ಗುತ್ತನ್ನೇ ಗುತ್ತಿಗೆಗೆ ತಗೊಳ್ಳುವ!"

"ಸರಸಕ್ಕ!"

"ಮತ್ತೆಂತ ಮಾಡುವುದು? ನೀವು ಬಿಟ್ಟ ಮಡಿಕೆಗೆ ಅಷ್ಟು ಬಟ್ಟೆ ಬೇಕಲ್ಲ."

ಶುಕ್ರವಾರ ಮಣಿಪಾಲಕ್ಕೆ ಹೋದೆ. ಹರಿಣಾಕ್ಷಿ ಲ್ಯಾಬಿನ ಹೊರಗೆ ಬಂದು ಕೈಗವಸು ತೆಗೆದಳು. ನಾನು ಎಲ್ಲ ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಅವಳು ಕಾಫಿ ತರಿಸಿದಳು.

"ಬಾಯಿ, ನನಗೆ ಮೊದಲ ದಿನವೇ ಗೊತ್ತು. ಅವರ ಉಗುರಿನ ಸಂದಿಯಲ್ಲಿ ಸಿಮೆಂಟು ಇತ್ತು. ಆಮೇಲೆ ಫೋನಿನಲ್ಲಿ ಅವರೇ ಹೇಳಿದರು, ಹನ್ನೆರಡು ವರ್ಷದಿಂದ ಗುತ್ತಿಗೆ ಮಾಡ್ತೇನೆ ಎಂದು. ಅವರಿಗೆ ನಿಮ್ಮ ಬಯೋಡಾಟಾ ಓದಲಿಕ್ಕೆ ಆಗಲಿಲ್ಲವಂತೆ. ಅಷ್ಟು ದೊಡ್ಡ ಇಂಗ್ಲಿಷಂತೆ."

"ಗೊತ್ತಿದ್ದೂ ನೀನು ಸುಮ್ಮನಿದ್ದದ್ದಾ?"

"ಗುತ್ತು ಎಂದು ನೀವು ಬರೆಯದಿದ್ದರೆ ದೊಡ್ಡಮ್ಮ ನೋಡಲಿಕ್ಕೇ ಬಿಡ್ತಿರಲಿಲ್ಲ." ಕಾಫಿ ಲೋಟವನ್ನು ಮೆಲ್ಲ ತಿರುಗಿಸಿದಳು. "ಹನ್ನೊಂದು ಸಲ ಸೀರೆ ಉಟ್ಟು ಕೂತಿದ್ದೇನೆ ಬಾಯಿ. ನನ್ನ ಹತ್ತಿರ ಪ್ರಶ್ನೆ ಕೇಳಿ, ಉತ್ತರಕ್ಕೂ ಕಾದವರು ಇವರೊಬ್ಬರೇ. ಆದರೆ ದೊಡ್ಡಮ್ಮ ಬೇಡ ಎಂದರೆ ನಾನು ಬಂಕಿಗೆ ಹೋಗ್ತೇನೆ. ಅವರಿಗೆ ಸುಳ್ಳು ಹೇಳಬೇಡಿ. ನೀವೇ ಹೇಳಿ, ನನಗೆ ಧೈರ್ಯ ಇಲ್ಲ."

ಭಾನುವಾರ ಕಾಪು ಪೇಟೆಯಲ್ಲಿ ನಾನು ಮತ್ತು ಸರಸಕ್ಕ ಕಾದು ನಿಂತೆವು. ಬಿಳಿ ಕಾರು ಬಂತು, ಒಳಗೆ ದೊಡ್ಡಮ್ಮ ಮತ್ತು ಹರಿಣಾಕ್ಷಿ. "ಹತ್ತಿ ಬಾಯಿ, ಗುತ್ತಿಗೆ ಹೋಗುವ ದಾರಿ ತೋರಿಸಿ" ಎಂದರು ದೊಡ್ಡಮ್ಮ. ಕಾರಿನಲ್ಲೇ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ದೊಡ್ಡಮ್ಮನೇ ಮಾತನಾಡಿದರು. ಗುತ್ತಿನ ಕಂಬಗಳು ಹಲಸಿನ ಮರದ್ದಾ, ಸಾಗುವಾನಿಯದ್ದಾ? ಚಾವಡಿಯಲ್ಲಿ ಎಷ್ಟು ಜನ ಕೂರಬಹುದು? ನಾನು "ಕಿಟಕಿಯ ಮೇಲೆ ಲಿಂಟಲ್ ಉಂಟು" ಎಂದೆ. ಬೇರೆ ಯಾವ ಸತ್ಯವೂ ಆ ಕ್ಷಣಕ್ಕೆ ತೋಚಲಿಲ್ಲ.

ಚಿಕ್ಕ ಹೆಂಚಿನ ಮನೆ. ಸಾರಿಸಿದ ಅಂಗಳದ ನಡುವೆ ಮಿಕ್ಸರ್. ಗಿರಿಜಮ್ಮ ಅದನ್ನು ಉಜ್ಜಿ ತೊಳೆದು, ಕುಂಕುಮ ಹಚ್ಚಿ, ದಾಸವಾಳದ ಮಾಲೆ ಹಾಕಿದ್ದರು. ದೊಡ್ಡಮ್ಮನ ಕನ್ನಡಕ ಬ್ಯಾಗಿನಲ್ಲಿತ್ತು. ಕಾರಿನಿಂದ ಇಳಿದವರೇ ಭಕ್ತಿಯಿಂದ ಮಿಕ್ಸರಿಗೆ ಕೈಮುಗಿದರು. ಸರಸಕ್ಕ ಸೆರಗು ಬಾಯಿಗೆ ತುರುಕಿಕೊಂಡರು.

"ಗುತ್ತು ಎಲ್ಲಿ?" ಕೇಳಿದರು ದೊಡ್ಡಮ್ಮ.

"ಇದೇ ಗುತ್ತಿಗೆ" ಎಂದರು ಗಿರಿಜಮ್ಮ, ಮಿಕ್ಸರ್ ತೋರಿಸಿ.

"ಗುತ್ತಿಗೆ ಈಗ ಹೋಗುವ. ಮೊದಲು ಗುತ್ತು ಎಲ್ಲಿ ಹೇಳಿ."

"ಗುತ್ತಿಗೆಗೆ ಹೋಗಲಿಕ್ಕೆ ಇವತ್ತು ಭಾನುವಾರ ಅಲ್ವಾ? ರಜೆ."

ತುಳುವರಿಬ್ಬರೂ ನನ್ನ ಮರ್ಯಾದೆಗಾಗಿ ಕನ್ನಡದಲ್ಲಿ ಜಗ್ಗಾಡುತ್ತಿದ್ದರು. ನಾನು ಕೈಮುಗಿದೆ. "ದಯವಿಟ್ಟು ನೀವು ತುಳುವಿನಲ್ಲಿ ಮಾತಾಡಿ." ತುಳುವಿನಲ್ಲಿ ಗುತ್ತಿನ ಮನೆಗೆ ಹೋಗುವುದಾದರೆ ‘ಗುತ್ತುಗು’ ಎನ್ನುವುದು, ಗುತ್ತಿಗೆ ಬೇರೆ. ಅರ್ಧ ನಿಮಿಷದಲ್ಲಿ ಎಲ್ಲ ಸ್ಪಷ್ಟವಾಯಿತು. ತೊಂದರೆಯಾದದ್ದೂ ಅದರಿಂದಲೇ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಮಿಕ್ಸರನ್ನು ಇನ್ನೊಮ್ಮೆ ನೋಡಿದರು. "ಇದಕ್ಕೆ ನಾನು ಕೈಮುಗಿದೆನಾ?"

"ತಪ್ಪು ಇವರದ್ದಲ್ಲ, ದೊಡ್ಡಮ್ಮ, ನನ್ನದು" ಎಂದೆ. "ಇವರು ಒಂದು ಸುಳ್ಳೂ ಹೇಳಲಿಲ್ಲ. ನಾನು ಕೇಳಿಸಿಕೊಂಡದ್ದು ತಪ್ಪು. ನನ್ನ ತಲೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಉಂಟು, ಅದರಲ್ಲಿ ಎಲ್ಲರಿಗೂ ಬಂಗಲೆ."

ಜಯಕರನ ಮುಖ ಕೆಂಪಾಗಿತ್ತು. "ಅಮ್ಮ, ನನ್ನದು ಇಷ್ಟೇ ಮನೆ. ಸೋರುವುದಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ" ಎಂದ.

"ನಡಿ ಹರಿಣಾಕ್ಷಿ."

ಹರಿಣಾಕ್ಷಿ ಜಗಲಿಯ ಮೇಲೆ ಕೂತಿದ್ದಳು. ಮಡಿಲಲ್ಲಿ ಗೋಳಿಬಜೆಯ ಪ್ಲೇಟು. ಈ ಗಲಾಟೆಯ ನಡುವೆ ಗಿರಿಜಮ್ಮ ಯಾವಾಗ ಕೊಟ್ಟರೋ ಗೊತ್ತಿಲ್ಲ. "ಇದೊಂದು ಮುಗಿಸ್ತೇನೆ ದೊಡ್ಡಮ್ಮ" ಎಂದಳು. ಸ್ವರ ಸಣ್ಣದಿತ್ತು, ಆದರೆ ಎದ್ದು ನಿಲ್ಲಲಿಲ್ಲ.

ದೊಡ್ಡಮ್ಮ ಪ್ಲೇಟು ನೋಡಿದರು. ಹನ್ನೊಂದು ತುಂಬಿದ ಪ್ಲೇಟುಗಳನ್ನು ಒಳಗೆ ತೆಗೆದುಕೊಂಡು ಹೋದವರು ಅವರೇ ಅಲ್ಲವೇ? ಇದರಲ್ಲಿ ಒಂದೇ ಒಂದು ಉಳಿದಿತ್ತು. ಆಮೇಲೆ ಜಗಲಿಯ ಅಂಚಿಗೆ ಕೂತು, ಸೋತ ದನಿಯಲ್ಲಿ ಹೇಳಿದರು, "ಕುಟುಂಬದ ಗ್ರೂಪಿನಲ್ಲಿ ಹಾಕಿಬಿಟ್ಟಿದ್ದೇನಲ್ಲ. ಎಪ್ಪತ್ತೆರಡು ಜನ ಇದ್ದಾರೆ. ಮಂಗಳವಾರ ಹಾಕಿದ್ದು, ಈಗ ಅಳಿಸಲಿಕ್ಕೂ ಆಗುವುದಿಲ್ಲ. ಜನರಿಗೆ ಎಂತ ಹೇಳುವುದು?"

"ಎಂತ ಹಾಕಿದ್ದು? ತೋರಿಸಿ" ಎಂದೆ.

ಮೊಬೈಲ್ ಕೊಟ್ಟರು. ಮಾತಾಡುವುದು ತುಳುವಾದರೂ ಬರೆಯುವುದು ಎಲ್ಲರೂ ಕನ್ನಡದಲ್ಲೇ ಅಲ್ವಾ? ಎರಡು ಕೈಮುಗಿದ ಚಿತ್ರಗಳ ನಡುವೆ ಹೀಗಿತ್ತು: "ನಮ್ಮ ಹರಿಣಾಕ್ಷಿಯನ್ನು ಕಾಪುವಿನ ಗುತ್ತಿಗೆ ಕೊಡುವುದೆಂದು ಯೋಚಿಸಿದ್ದೇವೆ."

ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಎಷ್ಟೋ ಹಾಳೆ ತಿದ್ದಿದ್ದೇನೆ. ತಿದ್ದದೆ ಬಿಟ್ಟದ್ದು ಇದೊಂದನ್ನೇ. "ದೊಡ್ಡಮ್ಮ, ಒಂದಕ್ಷರವೂ ಬದಲಿಸಬೇಡಿ. ನೀವು ಬರೆದದ್ದು ಸರಿ ಉಂಟು."

ದೊಡ್ಡಮ್ಮ ಮೊಬೈಲನ್ನು ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು. "ಗುತ್ತಿಗೆ... ಕೊಡುವುದು." ಮಿಕ್ಸರನ್ನು ನೋಡಿದರು. ಜಯಕರನನ್ನು ನೋಡಿದರು.  ಆಮೇಲೆ ಕೈ ಚಾಚಿ, ಗಿರಿಜಮ್ಮ ಮುಂದೆ ಹಿಡಿದ ತಟ್ಟೆಯಿಂದ ಒಂದು ಗೋಳಿಬಜೆ ತೆಗೆದುಕೊಂಡರು.

"ಚಟ್ನಿ ಉಂಟಾ?"

ಮದುವೆ ಆಗಿ ಎರಡು ವರ್ಷ ಆಯಿತು. ನಾನು ಕೆಲಸ ಬಿಟ್ಟದ್ದು ಆ ತಪ್ಪಿನ ನಾಚಿಕೆಯಿಂದ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಸು‌ದ್ದಿ ಹಬ್ಬಿ ಜನ ಸಾಲುಗಟ್ಟಿದರು. "ಬಾಯಿ, ನಮ್ಮ ಮಗನದ್ದು ಬೇಕರಿ. ಅದನ್ನೂ ಸ್ವಲ್ಪ ತಪ್ಪು ಕೇಳಿಸಿಕೊಳ್ಳಿ" ಎಂದು ಒಬ್ಬರು ಬೆಣ್ಣೆ ಬಿಸ್ಕೆಟಿನ ಡಬ್ಬ ತಂದರು. ಬೇಕೆಂದೇ ಮಾಡಿದರೆ ಅದು ತಪ್ಪಲ್ಲ, ಸುಳ್ಳು. ಡಬ್ಬ ವಾಪಸು ಕೊಟ್ಟು, ಮೇಜು ಒರೆಸಿ, ಲ್ಯಾನ್ಸಿಗೆ ಊಟ ಬಡಿಸಿದೆ.

ಮೊನ್ನೆ ಹರಿಣಾಕ್ಷಿಯ ಮಗುವನ್ನು ನೋಡಲು ಕಾಪುವಿಗೆ ಹೋಗಿದ್ದೆ. ರಸ್ತೆಯ ತಿರುವಿನಲ್ಲಿ ಹೊಸ ಹಳದಿ ಬೋರ್ಡು ನಿಂತಿತ್ತು. ಜಯಕರನ ಹೆಸರಿಲ್ಲ, ಫೋನ್ ನಂಬರಿಲ್ಲ. ದಪ್ಪ ಕೆಂಪು ಅಕ್ಷರದಲ್ಲಿ "ಗುತ್ತಿಗೆ" ಎಂದು ಒಂದೇ ಪದ, ಪಕ್ಕದಲ್ಲಿ ಅವರ ಮನೆಯ ಕಡೆಗೆ ಒಂದು ಬಾಣದ ಗುರುತು.

"ಇದು ಯಾರು ಹಾಕಿಸಿದ್ದು?" ಎಂದು ಕೇಳಿದೆ.

"ದೊಡ್ಡಮ್ಮ" ಎಂದಳು ಹರಿಣಾಕ್ಷಿ. "ಬಜಗೋಳಿಯಿಂದ ನೆಂಟರು ಬರುವಾಗ ದಾರಿ ತಪ್ಪಬಾರದಂತೆ."